ಹಾಡು ಮುಗಿದ ಮೇಲಿನ ಮಾತು

ಚಾಮರಾಜಪೇಟೆ
೧೦-೧-೧೯೮೩

ಪೂಜ್ಯ ಶ್ರೀಮತಿ ಚೂಡಾಮಣಿಯವರಿಗೆ ನಮಸ್ಕಾರಗಳು.

ನೀವು ನನ್ನನ್ನು ಕಂಡವರಲ್ಲ. ನಾನು ನಿಮ್ಮನ್ನು ಒಂದೇ ಸಲ ಕಂಡಿದ್ದೇನೆ, ಅದೂ ಬೆನ್ನ ಕಡೆಯಿಂದ. ನಾನು ಚಿಕ್ಕವನಿದ್ದಾಗ ರಾಮೋತ್ಸವದ ಚಪ್ಪರದಲ್ಲಿ ಜಾಗ ಸಿಗದೆ ನಮ್ಮ ತಂದೆ ನನ್ನನ್ನು ವೇದಿಕೆಯ ಹಿಂದೆ ಒಂದು ಬೊಂಬಿನ ಮೇಲೆ ಕೂರಿಸಿದ್ದರು. ಕಛೇರಿ ಪೂರ್ತಿ ನಿಮ್ಮ ಜಡೆ ನೋಡಿಕೊಂಡೇ ಕೇಳಿದೆ. ಅಂದು ಹಿಡಿದ ಹುಚ್ಚು. ಈಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೇನೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ, ತಲೆ ಅರ್ಧ ಬೋಳಾಗಿದೆ. ಹುಚ್ಚು ಮಾತ್ರ ಇಳಿದಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮದೊಂದು ಪುಟ್ಟ ಬಳಗವಿದೆ. ಭಾನುವಾರ ಬೆಳಿಗ್ಗೆ ನಿವೃತ್ತ ಹೆಡ್‌ಮೇಷ್ಟ್ರು ಚಂದ್ರಶೇಖರಯ್ಯನವರ ಮನೆಯಲ್ಲಿ ಸೇರಿ ಹಳೆಯ ಗ್ರಾಮಫೋನ್ ರೆಕಾರ್ಡು ಕೇಳುತ್ತೇವೆ. ಅವರ ಮನೆಯವರು ಶೈಲಜಮ್ಮ ಕಾಫಿ ಕೊಡುತ್ತಾರೆ, ಎರಡನೇ ಸಲ ಕೇಳಿದರೆ ಗೊಣಗುತ್ತ ಕೊಡುತ್ತಾರೆ. ನೀವು ಹಾಡಿದ ಆರು ರೆಕಾರ್ಡೂ ನಮ್ಮಲ್ಲಿವೆ. ಇರುವುದು ಆರೇ ಎಂದುಕೊಂಡಿದ್ದೆವು.

ಹೋದ ವಾರ ಏಳನೆಯದು ಸಿಕ್ಕಿತು.

ಉಪ್ಪಾರಪೇಟೆಯಲ್ಲಿ ಪಿಟೀಲು ವಿದ್ವಾನ್ ಹನುಮಂತಯ್ಯನವರ ಮಗಳು ಪಾರ್ವತಮ್ಮನವರಿದ್ದಾರೆ. ಸುಣ್ಣ ಬಳಿಸಲೆಂದು ಅಟ್ಟದ ಮೇಲಿನದನ್ನೆಲ್ಲ ಇಳಿಸಿದಾಗ ತಂದೆಯ ಪೆಟ್ಟಿಗೆಯ ತಳದಲ್ಲಿ ಅದು ಇತ್ತಂತೆ. ನಡುವೆ ಬಿಳಿ ಚೀಟಿ, ಕಂಪನಿಯ ಹೆಸರಿಲ್ಲ. ಸೀಸದ ಕಡ್ಡಿಯಲ್ಲಿ 'ಚೂಡಾಮಣಿ, ಬೆಂಗಳೂರು, ೧೯೩೮, ಮಾದರಿ' ಎಂದಷ್ಟೇ ಬರೆದಿದೆ. ಅಂಗಡಿಗೆ ಬರುವ ಮೊದಲೇ ನಿಂತುಹೋದ ರೆಕಾರ್ಡು ಇರಬೇಕು. ಸಹಾನ ರಾಗದಲ್ಲಿ 'ಹೊತ್ತು ಮುಳುಗಿತು ರಂಗ'. ಅದನ್ನು ಅವರಿಂದ ಕೇಳಿ ತಂದು ಭಾನುವಾರ ಹಾಕಿದೆವು. ಹಾಡು ಮುಗಿದಾಗ ಶೈಲಜಮ್ಮನವರು ಕೇಳದೆಯೇ ಎರಡನೇ ಕಾಫಿ ತಂದರು.

ಈ ವರ್ಷ ನಿಮಗೆ ಅರವತ್ತು ತುಂಬುತ್ತದೆ. ಮಲ್ಲೇಶ್ವರದಲ್ಲೇ ಒಂದು ಸಭೆ ಏರ್ಪಡಿಸಿ, ನೀವು ಎದುರಿಗೆ ಕೂತಿರುವಾಗ ಈ ಹಾಡನ್ನು ಊರಿಗೆಲ್ಲ ಕೇಳಿಸಬೇಕೆಂದು ನಮ್ಮ ಆಸೆ. ಇಲ್ಲವೆನ್ನಬಾರದು.

ನಿಮ್ಮ ಜಡೆಯ ಹಿಂದೆ ಕೂತಿದ್ದ
ರಾಮಾನುಜ


ಮಲ್ಲೇಶ್ವರ
೧೯-೧-೧೯೮೩

ಶ್ರೀ ರಾಮಾನುಜ ಅವರಿಗೆ,

ಜಡೆ ಈಗಿಲ್ಲ. ಒಂದು ಹಿಡಿ ತುರುಬಿದೆ. ನಿಮ್ಮ ಕಾಗದವನ್ನು ನನ್ನ ತಮ್ಮನ ಮಗಳು ಗೋದಾ ಗಟ್ಟಿಯಾಗಿ ಓದಿ ನಕ್ಕಳು. ನಾನೂ ನಕ್ಕೆ. ಹಾಡು ಬಿಟ್ಟು ಹದಿನೆಂಟು ವರ್ಷವಾಯಿತು, ಇನ್ನೂ ಯಾರೋ ಕೂತು ಕೇಳುತ್ತಾರೆಂದರೆ ಸಂತೋಷವಾಗದೆ ಇರುತ್ತದೆಯೇ.

ಆದರೆ ಆ ಹಾಡು ಬೇಡ. ಸಭೆ ಮಾಡುವುದಾದರೆ ಮಾಡಿ, ಬೇಡವೆಂದರೂ ನೀವು ಬಿಡುವವರ ಹಾಗೆ ಕಾಣುವುದಿಲ್ಲ. ಇರುವ ಆರರಲ್ಲಿ ಯಾವುದನ್ನಾದರೂ ಹಾಕಿ. ಏಳನೆಯದು ಎಲ್ಲಿತ್ತೋ ಅಲ್ಲಿಗೇ ಹೋಗಲಿ. ಅದನ್ನು ಬೇಡವೆಂದವರು ನನ್ನ ತಂದೆ ಶ್ರೀನಿವಾಸಯ್ಯನವರು. ನನ್ನ ಗುರುವೂ ಅವರೇ, ಆ ಹಾಡು ಕಟ್ಟಿದವರೂ ಅವರೇ. ಅವರು ಬೇಡವೆಂದದ್ದನ್ನು ನಾನು ಬೇಕು ಎನ್ನಲಾರೆ.

ನಿಮ್ಮ ಮೇಲೆ ಕೋಪವಿಲ್ಲ. ಶೈಲಜಮ್ಮನವರಿಗೆ ಹೆಚ್ಚು ಕಾಫಿ ಕೆಲಸ ಕೊಡಬೇಡಿ.

ಹೀಗೆಂದು
ಚೂಡಾಮಣಿ


ಚಾಮರಾಜಪೇಟೆ
೨೩-೨-೧೯೮೩

ಪೂಜ್ಯ ಚೂಡಾಮಣಿಯವರಿಗೆ,

ತಡವಾಗಿ ಬರೆಯುತ್ತಿದ್ದೇನೆ. ಬರೆಯುವ ಮುಖವಿರಲಿಲ್ಲ.

ನಿಮ್ಮ ಮಾತಿನಂತೆ ರೆಕಾರ್ಡನ್ನು ಪಾರ್ವತಮ್ಮನವರಿಗೆ ಒಪ್ಪಿಸಲು ಹೊರಟೆ. ಮಾರ್ಕೆಟ್ಟಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕಿತ್ತು. ಬಾಳೆಗೊನೆ ಹೊತ್ತವನೊಬ್ಬ 'ಸೈಡು, ಸೈಡು' ಎನ್ನುತ್ತ ನುಗ್ಗಿಕೊಂಡು ಬಂದ. ನಾನು ಸರಿದೆ, ನನ್ನ ಕೈಚೀಲ ಸರಿಯಲಿಲ್ಲ. ಆ ಕಾಲದ ರೆಕಾರ್ಡು ಅರಗಿನದು, ಪಿಂಗಾಣಿ ತಟ್ಟೆಯ ಹಾಗೆ ಒಡೆಯುತ್ತದೆ. ಚೀಲ ಬಿಚ್ಚಿ ನೋಡಿದರೆ ಮೂರು ಚೂರು. ಪಾರ್ವತಮ್ಮನವರು ದೊಡ್ಡ ಮನಸ್ಸಿನವರು. "ಹೋಗ್ಲಿ ಬಿಡಿ, ನಮ್ಮನೇಲಿದ್ದಿದ್ರೆ ಯಾರು ಕೇಳ್ತಿದ್ರು" ಎಂದು ನನಗೇ ಸಮಾಧಾನ ಹೇಳಿ ಕಳಿಸಿದರು. ಎರಡು ದಿನ ನನಗೆ ಊಟ ಸೇರಲಿಲ್ಲ.

ಪುಣ್ಯಕ್ಕೆ ಅಷ್ಟರಲ್ಲಿ ಹಾಡನ್ನು ಟೇಪಿಗೆ ಇಳಿಸಿಕೊಂಡಿದ್ದೆವು. ನಮ್ಮ ಮೇಷ್ಟ್ರ ಹತ್ತಿರ ದೊಡ್ಡ ಸ್ಪೂಲ್ ಟೇಪ್‌ರೆಕಾರ್ಡರ್ ಇದೆ. ಏನನ್ನೇ ಇಳಿಸಿದರೂ ಆಮೇಲೆ ಒಬ್ಬರೇ ಕೂತು, ಟೇಪಿನಲ್ಲಿ ಹಾಡಲ್ಲದ್ದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬ್ಲೇಡು ಹಾಕಿ ಕತ್ತರಿಸಿ, ತುದಿಗಳನ್ನು ಅಂಟಿಸಿ ಚೊಕ್ಕ ಮಾಡುತ್ತಾರೆ. ಜೀವಮಾನವೆಲ್ಲ ಮಕ್ಕಳ ಕಾಪಿ ತಿದ್ದಿದ ಕೈ ಅದು. ಕೆಮ್ಮು, ಶ್ರುತಿ ಕೂಡಿಸುವ ಸದ್ದು, ಪಕ್ಕವಾದ್ಯದವರ ಭೇಷು, ಒಂದೂ ಉಳಿಯುವುದಿಲ್ಲ. "ನಮಗ್ ಬೇಕಾಗಿರೋದು ಹಾಡೋರ ಗಂಟಲು ಕಣ್ರೀ, ಪಕ್ಕದಲ್ಲಿ ಕೂತೋರದ್ದಲ್ಲ" ಎನ್ನುತ್ತಾರೆ. ನಿಮ್ಮ ಹಾಡಿನ ಕೊನೆಯಲ್ಲೂ ಯಾರದೋ ಮಾತು ಸೇರಿಕೊಂಡಿತ್ತಂತೆ, ಅದನ್ನೂ ತೆಗೆದಿದ್ದಾರೆ. ಈಗ ಹಾಡು ತೊಳೆದಿಟ್ಟ ಹಾಗಿದೆ.

ಅದರ ಕ್ಯಾಸೆಟ್ಟನ್ನು ಜೊತೆಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಒಪ್ಪಿಗೆಯಿಲ್ಲದೆ ಸಭೆಯಲ್ಲಿ ಹಾಕುವುದಿಲ್ಲ, ಆಣೆ. ನೀವೊಬ್ಬರೇ ಒಮ್ಮೆ ಕೇಳಿ. ಬೇಡವಾದರೆ ಅದರ ಮೇಲೆ ಗೋದಾ ಅವರು ಸಿನಿಮಾ ಹಾಡು ತುಂಬಿಸಿಕೊಳ್ಳಲಿ.

ತಲೆ ತಗ್ಗಿಸಿ ನಿಂತಿರುವ
ರಾಮಾನುಜ


ಮಲ್ಲೇಶ್ವರ
೨೧-೩-೧೯೮೩

ರಾಮಾನುಜ ಅವರಿಗೆ ಆಶೀರ್ವಾದ.

ನಿಮ್ಮ ಕ್ಯಾಸೆಟ್ಟು ಮೂರು ವಾರದಿಂದ ಅಕ್ಕಿ ಡಬ್ಬದ ಮೇಲೆ ಕೂತಿತ್ತು. ನಾನು ಅದನ್ನು ನೋಡುವುದು, ಅದು ನನ್ನನ್ನು ನೋಡುವುದು, ಇಷ್ಟೇ ನಡೆದಿತ್ತು. ಮೊನ್ನೆ ನಾನು ಹುರುಳಿಕಾಯಿ ನಾರು ತೆಗೆಯುತ್ತಿದ್ದಾಗ ಗೋದಾ ಹೇಳದೆ ಕೇಳದೆ ಹಾಕಿಬಿಟ್ಟಳು. ಅರ್ಧ ಹಾಡಾದ ಮೇಲೆ "ಅತ್ತೆ, ಇದು ನೀವಾ?" ಎಂದಳು. ನನಗೂ ಅದೇ ಅನುಮಾನ ಬಂದಿತ್ತು.

ಹುಡುಗಿ ಚೆನ್ನಾಗಿಯೇ ಹಾಡಿದ್ದಾಳೆ. ಎರಡನೇ ಚರಣದಲ್ಲಿ ಸ್ವಲ್ಪ ಹೆದರಿ ಅವಸರ ಮಾಡಿದ್ದಾಳೆ, ಅಷ್ಟೇ. ಇಷ್ಟು ವರ್ಷ ನಾನು ಇದನ್ನು ಕೆಟ್ಟ ಹಾಡು ಎಂದುಕೊಂಡಿದ್ದೆ.

ನಡೆದದ್ದನ್ನು ಬರೆದುಬಿಡುತ್ತೇನೆ. ಕಂಪನಿಯವರು ಮದರಾಸಿನಿಂದ ಯಂತ್ರ ತಂದು ಬಸವನಗುಡಿಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದರು. ಗೋಡೆಗೆಲ್ಲ ಕಂಬಳಿ ಹೊಡೆದಿದ್ದರು, ಬಾಗಿಲಿಗೂ ಎರಡು ಪದರ ಹಾಸಿಗೆ ಕಟ್ಟಿದ್ದರು. ಒಳಗೆ ಉಸಿರು ಕಟ್ಟುವಷ್ಟು ಸೆಕೆ. ಹನುಮಂತಯ್ಯನವರು ಪಿಟೀಲು, ತಂಬೂರಿ ಅಪ್ಪನದು. ಅಪ್ಪ ಎದುರಿಗಿದ್ದರೆ ನನಗೆ ಅಂಗೈ ಬೆವರುತ್ತಿತ್ತು. ಅವರು ಹೊಡೆಯುವವರಲ್ಲ, ಬೈಯುವವರೂ ಅಲ್ಲ. ತಪ್ಪಾದರೆ "ಮತ್ತೆ" ಎನ್ನುವರು. ಸರಿಯಾದರೆ ಏನೂ ಅನ್ನುತ್ತಿರಲಿಲ್ಲ. ಭೇಷ್ ಎಂದು ಒಂದು ದಿನವೂ ಅಂದವರಲ್ಲ.

ಹಾಡು ಮುಗಿಯಿತು. ಯಂತ್ರ ಇನ್ನೂ ತಿರುಗುತ್ತಿತ್ತು, ಅದರ ಕೆಂಪು ದೀಪ ಆರುವವರೆಗೆ ಯಾರೂ ಉಸಿರೆತ್ತಬಾರದೆಂದು ಮೊದಲೇ ಹೇಳಿದ್ದರು. ಅಪ್ಪ ಅಷ್ಟೂ ತಡೆಯದೆ, ಎಲ್ಲರ ಎದುರಿಗೆ, "ಇದು ಬೇಡ" ಎಂದರು. ನಾನು ಎದ್ದು ಓಡಿದೆ. ಹಾಸಿಗೆ ಕಟ್ಟಿದ ಬಾಗಿಲು ಹಿಂದೆ ಮುಚ್ಚಿಕೊಂಡಿತು, ಆಮೇಲೆ ಒಳಗೆ ಏನಾಯಿತೋ ಕೇಳಲಿಲ್ಲ. ಹಜಾರದಲ್ಲಿ ಅಳುತ್ತ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಅಪ್ಪ ಹೊರಗೆ ಬಂದು ನನ್ನನ್ನು ನೋಡಿ, "ನಡಿ, ಮನೆಗೆ ಹೋಗೋಣ" ಎಂದರು. ದಾರಿಯಲ್ಲಿ ಒಂದು ಸೌತೆಕಾಯಿ ಕೊಡಿಸಿದರು. ನಾನು ತಿನ್ನಲಿಲ್ಲ. ಆ ವರ್ಷವೇ ವಿಷಮಶೀತಜ್ವರ ಬಂದು ಹೋಗಿಬಿಟ್ಟರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಆಮೇಲಿನ ಆರು ರೆಕಾರ್ಡೂ ಅವರು ಹೋದ ಮೇಲಿನವು. ಅವರೊಬ್ಬರಿಗೆ ಬೇಡವಾದದ್ದು ಊರಿಗೆಲ್ಲ ಬೇಕಾಯಿತು ಎಂದು ಹಠದಿಂದ ಹಾಡಿದೆ.

ಕ್ಯಾಸೆಟ್ಟಿನಲ್ಲಿ ಹಾಡು ಮುಗಿಯುತ್ತಲೇ ಟಕ್ಕೆಂದು ನಿಲ್ಲುತ್ತದೆ. ಅಲ್ಲಿ ಅಪ್ಪನ ದನಿ ಇರಬೇಕಿತ್ತು. ನಿಮ್ಮ ಮೇಷ್ಟ್ರು ತೊಳೆದದ್ದು ಅದನ್ನೇ. ಅಪ್ಪನ ಫೋಟೋ ಒಂದಿದೆ, ದನಿ ಇನ್ನೆಲ್ಲಿಯೂ ಇಲ್ಲ. ಅವರು ಆ ಮಾತನ್ನು ಹೇಗೆ ಹೇಳಿದರೆಂದು ನನಗೆ ಒಂದು ಸಲ ಕೇಳಬೇಕು. ಸಿಟ್ಟಿನಿಂದಲೋ, ಬೇಸರದಿಂದಲೋ, ನನ್ನ ಮೇಲೆ ಆಸೆ ಬಿಟ್ಟೋ. ಹದಿನೈದರಲ್ಲಿ ಅಷ್ಟೆಲ್ಲ ಗೊತ್ತಾಗುವುದಿಲ್ಲ. ಕತ್ತರಿಸಿದ ತುಂಡು ಇದ್ದರೆ ಕಳಿಸಿಕೊಡಿ.

ಎದುರು ನೋಡುತ್ತಿರುವ
ಚೂಡಾಮಣಿ


ಚಾಮರಾಜಪೇಟೆ
೨೯-೩-೧೯೮೩

ಅಮ್ಮನವರಿಗೆ,

ನಿಮ್ಮ ಕಾಗದವನ್ನು ಮೇಷ್ಟ್ರಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಮಡಿಚಿಟ್ಟರು. "ಬುಟ್ಟಿಗೆ ಹಾಕ್ಬಿಟ್ಟೆ ಕಣಯ್ಯಾ. ಯಾವತ್ತೂ ಹಾಗೇ ಮಾಡೋದು" ಎಂದರು. ಆ ಬುಟ್ಟಿ ಖಾಲಿಯಾಗಿ ಎರಡು ತಿಂಗಳಾಯಿತು.

ನಿಮ್ಮ ತಂದೆ ಹೇಗೆ ಹೇಳಿದರೆಂದು ನಾನಾದರೂ ನೆನಪಿನಿಂದ ಬರೆಯೋಣವೆಂದರೆ, ನಾನೂ ಕೇಳಿಲ್ಲ. ಹಾಡು ಮುಗಿದ ಕೂಡಲೇ ಮೇಷ್ಟ್ರು ರೆಕಾರ್ಡಿನ ಮುಳ್ಳು ಎತ್ತಿಬಿಡುತ್ತಾರೆ, ಅದು ಅವರ ಅಭ್ಯಾಸ. ಟೇಪಿಗೆ ಇಳಿಸುವಾಗ ಮಾತ್ರ ಕೊನೆಯವರೆಗೂ ಓಡಿಸುತ್ತಾರೆ, ಆಗ ಇದ್ದವರು ಅವರೊಬ್ಬರೇ. ಯಾರೋ ಗಂಡಸಿನ ಮಾತು ಎಂಬುದಷ್ಟೇ ಅವರಿಗೆ ನೆನಪು. ಕತ್ತರಿಸುವವನು ಮಾತಿಗೆ ಕಿವಿಗೊಡುವುದಿಲ್ಲವಂತೆ, ಎಲ್ಲಿ ಶುರು ಎಲ್ಲಿ ಕೊನೆ ಎಂದಷ್ಟೇ ನೋಡುತ್ತಾನಂತೆ.

ನಾವು ನಿಮ್ಮ ದನಿಯನ್ನು ಪ್ರೀತಿಸಿ ಇಂಥ ಕೆಲಸ ಮಾಡಿದೆವು. ಏನು ಹೇಳಲೂ ತೋಚುತ್ತಿಲ್ಲ.

ರಾಮಾನುಜ


ಮಲ್ಲೇಶ್ವರ
೧೧-೪-೧೯೮೩

ರಾಮಾನುಜ ಅವರಿಗೆ,

ಬಿಡಿ. ದುಃಖವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಿಮ್ಮ ಕಾಗದ ಬಂದ ದಿನ ಗೋದಾ ಜೊತೆ ಕಾರಣವಿಲ್ಲದೆ ಜಗಳವಾಡಿದೆ. ಆದರೆ ಇಷ್ಟು ವರ್ಷ ಇಲ್ಲದೆಯೇ ನಡೆದಿದೆ, ಇನ್ನು ಮುಂದೂ ನಡೆಯುತ್ತದೆ.

ಮೇಷ್ಟ್ರು ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ. ನಾನೂ ಪಾಠ ಹೇಳಿದವಳೇ, ತಿದ್ದುವ ಚಟ ನನಗೂ ಗೊತ್ತು. ಸಭೆಯ ಮಾತು ಮಾತ್ರ ಇನ್ನು ಎತ್ತಬೇಡಿ. ಮನಸ್ಸಿಲ್ಲ.

ಚೂಡಾಮಣಿ


ಚಾಮರಾಜಪೇಟೆ
೬-೬-೧೯೮೩

ಅಮ್ಮನವರಿಗೆ ನಮಸ್ಕಾರ.

ಸಭೆಯ ಮಾತು ಎತ್ತುವುದಿಲ್ಲ. ಬೇರೆ ವಿಷಯವಿದೆ. ಕೂತುಕೊಂಡು ಓದಿ.

ಏಪ್ರಿಲ್‌ನಿಂದ ನಮ್ಮ ಭಾನುವಾರ ನಿಂತುಹೋಗಿತ್ತು. ಮೇಷ್ಟ್ರು ಯಂತ್ರದ ಮೇಲೆ ಪಂಚೆ ಹೊದಿಸಿ, ಪೇಪರು ಓದುತ್ತ ಕೂರುತ್ತಿದ್ದರು. ಎರಡು ವಾರದ ಹಿಂದೆ ಹೋದಾಗ ಶೈಲಜಮ್ಮನವರು ಕಿಟಕಿಯ ಹೊರಗೆ ಮಲ್ಲಿಗೆ ಮೊಗ್ಗು ಬಿಡಿಸುತ್ತಿದ್ದರು. "ಬಾಪ್ಪಾ, ಈ ಬಳ್ಳಿ ಸ್ವಲ್ಪ ಬಗ್ಗಿಸ್ಕೊಡು" ಎಂದರು. ಬಗ್ಗಿಸಲು ಹಿಡಿದರೆ ಬಳ್ಳಿಯನ್ನು ಕಿಟಕಿಯ ಸರಳಿಗೆ ಕಂದು ಬಣ್ಣದ ಪಟ್ಟಿಯಲ್ಲಿ ಕಟ್ಟಿದೆ. ಒಂದು ಕಡೆಯಲ್ಲ, ಉದ್ದಕ್ಕೂ.

"ಇದೇನಮ್ಮಾ?" ಎಂದೆ.

"ಇವರು ಕತ್ತರ್ಸಿ ಕತ್ತರ್ಸಿ ಬುಟ್ಟಿಗೆ ಹಾಕ್ತಾರಲ್ಲ, ಅದೇ. ದಾರಕ್ಕಿಂತ ವಾಸಿ, ಮಳೇಲಿ ಕೊಳೆಯಲ್ಲ. ಹೋದ್ ವರ್ಷದಿಂದ ಇದರಲ್ಲೇ ಕಟ್ತಿದೀನಿ."

ನಾನು ಮೇಷ್ಟ್ರನ್ನು ಕೂಗಿದೆ. ಅವರು ಪೇಪರು ಹಿಡಿದುಕೊಂಡೇ ಬಂದರು, ನೋಡಿದರು, ಪೇಪರು ಕೆಳಗೆ ಬಿತ್ತು. ಮೂವರೂ ಸೇರಿ ಗಂಟು ಗಂಟಾಗಿ ಬಿಚ್ಚಿದೆವು. ಶೈಲಜಮ್ಮನವರು ತಮ್ಮ ಹಳೆಯ ಸೀರೆಯ ಅಂಚು ಹರಿದು ಬಳ್ಳಿಗೆ ಕಟ್ಟಿದರು. "ಮೊದಲೇ ಹೇಳಿದ್ರೆ ಆಗ್ತಿರ್ಲಿಲ್ವಾ, ಎರಡು ತಿಂಗಳಿಂದ ಮುಖ ಊದಿಸ್ಕೊಂಡು ಕೂತಿದೀರಲ್ಲ" ಎಂದು ಗಂಡನಿಗೆ ಬೈದರು. ಮೇಷ್ಟ್ರು ಪಟ್ಟಿಗಳನ್ನು ಒಂದೊಂದಾಗಿ ಎತ್ತಿಕೊಂಡು ಒಳಗೆ ಹೋದರು.

ಒಂದು ವಾರ ಒದ್ದೆ ಬಟ್ಟೆಯಿಂದ ಒರೆಸಿ, ದಪ್ಪ ಪುಸ್ತಕಗಳ ನಡುವೆ ಇಟ್ಟು ಸುಕ್ಕು ತೆಗೆದು, ತುಂಡಿಗೆ ತುಂಡು ಅಂಟಿಸಿ ಒಂದು ಸುರುಳಿ ಮಾಡಿದರು. ಕೆಲವು ತಿರುಗುಮುರುಗಾಗಿ ಅಂಟಿ ಮಾತು ಹಿಂದಿನಿಂದ ಮುಂದಕ್ಕೆ ಬಂತು, ಬಿಚ್ಚಿ ಮತ್ತೆ ಅಂಟಿಸಿದರು. ಶೈಲಜಮ್ಮನವರು ಬಳ್ಳಿಗೆ ಬೇಕಾದ ಅಳತೆಗೆ ಮತ್ತೆ ಕತ್ತರಿಸಿದ್ದರಿಂದ ಎಷ್ಟೋ ಮಾತು ಅರ್ಧಕ್ಕೇ ನಿಲ್ಲುತ್ತದೆ. ಬಿಸಿಲು ತಾಗಿದ ಕಡೆ ಬರೀ ಗರಗರ.

ಆ ಸುರುಳಿಯನ್ನು ಇದ್ದ ಹಾಗೇ ಕ್ಯಾಸೆಟ್ಟಿಗೆ ತುಂಬಿ ಕಳಿಸುತ್ತಿದ್ದೇನೆ. ಯಾರು ಯಾರದೋ ಕೆಮ್ಮು, ಯಾರು ಯಾರದೋ ಮಾತು. ಗಂಡಸರ ದನಿ ನಾಲ್ಕೈದಿವೆ. ನಮಗೆ ಒಂದರ ಮೇಲೆ ಅನುಮಾನವಿದೆ, ಆದರೆ ಯಾವುದೆಂದು ನಾನು ಬರೆಯುವುದಿಲ್ಲ. ಗುರುತು ಹಿಡಿಯುವವರು ನೀವೊಬ್ಬರೇ. ಮೇಷ್ಟ್ರು ನಿಮಗೆ ನಮಸ್ಕಾರ ತಿಳಿಸಿದ್ದಾರೆ. ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಿಮ್ಮವನೇ ಆದ
ರಾಮಾನುಜ


ಮಲ್ಲೇಶ್ವರ
೧೨-೭-೧೯೮೩

ಚಿರಂಜೀವಿ ರಾಮಾನುಜ,

ಇನ್ನು ನಿನ್ನನ್ನು ನೀನು ಎನ್ನುತ್ತೇನೆ. ನನಗೆ ಮಗನಿದ್ದಿದ್ದರೆ ಇದಕ್ಕಿಂತ ಹೆಚ್ಚೇನು ಮಾಡುತ್ತಿದ್ದ.

ಒಂದು ತಿಂಗಳು ಉತ್ತರ ಬರೆಯಲಿಲ್ಲವೆಂದು ನೀನು ಏನೇನೋ ಯೋಚಿಸಿರುತ್ತೀಯ. ಕ್ಯಾಸೆಟ್ಟು ಬಂದ ದಿನವೇ ಕೇಳಿದೆ. ಈ ಸಲ ಅಕ್ಕಿ ಡಬ್ಬದ ಮೇಲೆ ಕೂರಿಸಲಿಲ್ಲ. ಗೋದಾ ಪಕ್ಕದಲ್ಲಿದ್ದಳು.

ಮೊದಲು ನಗು ಬಂತು. ಎಷ್ಟು ಕೆಮ್ಮಪ್ಪ ಅದರಲ್ಲಿ. ಅರ್ಧ ಜನ ನನಗೆ ಗೊತ್ತಿದ್ದವರು. ಪ್ರತಿ ಹಾಡಿಗೂ ಮುಂಚೆ ಗಂಟಲು ಕೆರೆದು ಕೆರೆದು ಕೇಳುವವರ ಪ್ರಾಣ ತೆಗೆಯುತ್ತಿದ್ದವರೊಬ್ಬರು, ನಶ್ಯ ಹಾಕಿಕೊಂಡು ಸೀನುತ್ತಿದ್ದ ಮೃದಂಗದವರೊಬ್ಬರು. ಹಾಡೆಲ್ಲ ಎಲ್ಲೆಲ್ಲೋ ಸಿಗುತ್ತದೆ, ಅವರ ಸೀನು ಇನ್ನೆಲ್ಲಿ ಸಿಗಬೇಕು. ಗೋದಾಗೆ ಒಬ್ಬೊಬ್ಬರ ಹೆಸರು ಹೇಳುತ್ತ ಕೂತಿದ್ದೆ.

ಆಮೇಲೆ ಬಳೆ ಸದ್ದು ಬಂತು. ಯಾರೋ ಗಡಬಡಿಸಿ ಎದ್ದ ಸದ್ದು, ಬಾಗಿಲು ಮುಚ್ಚಿದ ಸದ್ದು. ಆ ಬಳೆ ನನ್ನದು.

"ಇದು ಬೇಡ" ಎಂಬ ಮಾತು ಅದರಲ್ಲಿ ಇಲ್ಲ. ಆ ತುಂಡನ್ನು ಶೈಲಜಮ್ಮನವರ ಕತ್ತರಿಯೋ ಬಿಸಿಲೋ ತಿಂದಿರಬೇಕು. ಹೋದರೆ ಹೋಗಲಿ, ಅದು ನನಗೆ ಬಾಯಿಪಾಠವಾಗಿದೆ. ಇರುವುದು ಬಾಗಿಲು ಮುಚ್ಚಿದ ಮೇಲಿನ ಮಾತು. ನೀನೂ ಕೇಳಿದ್ದೀಯ. ಆದರೂ ನನ್ನ ಕೈಯಲ್ಲಿ ಒಮ್ಮೆ ಬರೆಯಬೇಕು ಅನ್ನಿಸುತ್ತಿದೆ.

"ಇನ್ನೊಂದು ಸಲ ತೊಗೊಳ್ಳಿ. ನಾನಿದ್ರೆ ಹೆದರ್ತಾಳೆ, ನಾನು ಆಚೆ ಇರ್ತೀನಿ. ಮನೇಲಿ ನಾನಿಲ್ಲ ಅಂದ್ಕೊಂಡು ಹಾಡ್ತಾಳಲ್ಲ, ಅದನ್ನ ಕೇಳ್ಬೇಕು ನೀವು."

ಅಪ್ಪನ ದನಿಯೇ. ಅನುಮಾನವಿಲ್ಲ. ಸಿಟ್ಟಿಲ್ಲ, ಬೇಸರವಿಲ್ಲ. ನಡುವೆ ಸ್ವಲ್ಪ ನಗುವೂ ಇದೆ. ಹೆಮ್ಮೆ ಎಂದು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಗೋದಾ ಹಾಗೇ ಅಂದಳು.

ನಾವು ಬಸವನಗುಡಿಯಲ್ಲಿದ್ದಾಗ ಅಪ್ಪ ಸಂಜೆ ಕೊಡೆ ಹಿಡಿದುಕೊಂಡು ಹೊರಗೆ ಹೋಗುತ್ತಿದ್ದರು. ಅವರು ಹೋದ ಮೇಲೆ ನಾನು ಮನಸ್ಸಿಗೆ ಬಂದ ಹಾಗೆ ಹಾಡಿಕೊಳ್ಳುತ್ತಿದ್ದೆ. ನನ್ನ ಹಾಡು ಕೇಳಲಾರದೆ ಎದ್ದುಹೋಗುತ್ತಾರೆ ಎಂದುಕೊಂಡಿದ್ದೆ. ಎಲ್ಲಿಗೂ ಹೋಗುತ್ತಿರಲಿಲ್ಲವೆಂದು ಈಗ ತಿಳಿಯಿತು. ಜಗಲಿಯಲ್ಲೇ ಕೂತು ಕೇಳುತ್ತಿದ್ದಿರಬೇಕು. ಆವತ್ತು ಹಜಾರಕ್ಕೆ ಬಂದದ್ದೂ ನನ್ನನ್ನು ಮನೆಗೆ ಕರೆದುಕೊಂಡು ಹೋಗಲು ಅಲ್ಲ. ನಾನು ಒಳಗೆ ಹೋಗಿ ಹಾಡಲಿ, ತಾನು ಹೊರಗಿರೋಣ ಎಂದು ಬಂದವರು. ನನ್ನ ಮುಖ ನೋಡಿ ಬಾಯಿ ಬರಲಿಲ್ಲ. ಹೇಳುವುದು ಅವರಿಗೆ ಬರುತ್ತಲೇ ಇರಲಿಲ್ಲ. ಆ ಸೌತೆಕಾಯಿ ತಿಂದಿದ್ದರೆ ಆಗುತ್ತಿತ್ತು ಎಂದು ಒಂದು ತಿಂಗಳಿಂದ ಅಳುತ್ತಿದ್ದೇನೆ. ಅರವತ್ತು ವರ್ಷದ ಹೆಂಗಸು, ಸೌತೆಕಾಯಿಗೆ.

ಆದರೆ ನಿನಗೊಂದು ನಿಜ ಹೇಳಬೇಕು. ನಿಮಗೆಲ್ಲ ಅಷ್ಟು ಇಷ್ಟವಾದ ಆ ಆರು ರೆಕಾರ್ಡುಗಳಲ್ಲಿ, ರೇಡಿಯೋದಲ್ಲಿ, ಚಪ್ಪರಗಳಲ್ಲಿ ನಾನು ಹಾಡಿದ್ದೆಲ್ಲ ಅಪ್ಪನ ಮೇಲಿನ ಮುನಿಸಿನಿಂದ. ನನ್ನ ದನಿಯಲ್ಲಿ ಏನೋ ಒಂದು ಧಾರ್ಷ್ಟ್ಯ ಇದೆ, ಅದೇ ಚೆನ್ನ ಎಂದು ಜನ ಹೇಳುತ್ತಿದ್ದರು. ಅದು ಬಂದದ್ದು ಅಲ್ಲಿಂದ. ಈಗ ಆ ಮುನಿಸು ಹೋಯಿತು. ಅದಿಲ್ಲದೆ ನನಗೆ ಹಾಡಲು ಬರುತ್ತದೆಯೇ ಎಂದು ಗೊತ್ತಿಲ್ಲ. ಅಪ್ಪ ಹೋದ ಮೇಲೆ ಒಂದು ಸಲವೂ ಹಾಗೆ ಹಾಡಿ ನೋಡಿಲ್ಲ.

ಅಪ್ಪ ಇನ್ನೊಂದು ಸಲ ತೊಗೊಳ್ಳಿ ಎಂದಿದ್ದಾರೆ. ಗೋದಾ ತಂಬೂರಿಗೆ ಹೊಸ ತಂತಿ ಹಾಕಿಸಿಕೊಂಡು ಬಂದಿದ್ದಾಳೆ. ಭಾನುವಾರ ಬೆಳಿಗ್ಗೆ ಮೇಷ್ಟ್ರು, ಶೈಲಜಮ್ಮ, ನೀನು, ಮೂವರೂ ಯಂತ್ರ ತೆಗೆದುಕೊಂಡು ಬನ್ನಿ. ಯಂತ್ರವನ್ನು ನಡುಮನೆಯಲ್ಲಿಟ್ಟು ಚಾಲೂ ಮಾಡಿ, ನೀವೆಲ್ಲ ಹೊರಗೆ ಜಗಲಿಯ ಮೇಲೆ ಕೂತಿರಿ. ಯಾರೂ ಇಲ್ಲ ಎಂದುಕೊಂಡು ನಾನು ಹಾಡುತ್ತೇನೆ.

ನಿನ್ನ
ಚೂಡಾಮಣಿಯಮ್ಮ